ಕಪ್ಪೆಯ ಮೈಯಲ್ಲಿ ಅಡಗಿದ ವಿಷ

(ಸಂಘದ ರಾಜ್ಯೋತ್ಸವ ಸಮಾರಂಭದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡಿನ ಹಿರಿಮೆಯನ್ನೂ ನುಡಿಯ ಸೊಬಗನ್ನೂ ಕೊಂಡಾಡುವುದು ವಾಡಿಕೆ. ಆ ಕೆಲಸಕ್ಕೆ ನಮಗಿಂತ ಯೋಗ್ಯರಾದವರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾವು ಬಾಳಿನ ಬಹುಭಾಗವನ್ನು ಗಾಜಿನ ಸೀಸೆಗಳ ನಡುವೆ ಕಳೆದವರು. ಏನು ಮಾತನಾಡುವಿರಿ ಎಂದು ಕಾರ್ಯದರ್ಶಿಗಳು ಕೇಳಿದಾಗ, "ಕಪ್ಪೆಯ ವಿಷಯ" ಎಂದೆವು. ಅವರು ಕ್ಷಣಕಾಲ ಸುಮ್ಮನಿದ್ದು, ಆಮೇಲೆ ನಕ್ಕು, "ಆಗಲಿ, ಸಂಘ ನಡೆಸುವವರಿಗೆ ತಕ್ಕಡಿಯಲ್ಲಿ ಕಪ್ಪೆ ತೂಗುವುದು ಹೊಸದೇನೂ ಅಲ್ಲ" ಎಂದರು.

ಗಾದೆಯ ಕಪ್ಪೆಯನ್ನು ತೂಗುವುದು ಕಷ್ಟ, ನಿಜ. ಆದರೆ ಕಪ್ಪೆಯ ಮೈಯೊಳಗೆ ಸೇರಿಕೊಂಡ ವಿಷವನ್ನು ತೂಗುವುದು ಇನ್ನೂ ಕಷ್ಟ. ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದನ್ನು ಹೇಗೆ ತೂಗುತ್ತಾರೆ, ತೂಗಿ ಹೇಳಿದ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು, ಈ ಎರಡು ಮಾತನ್ನು ತಮ್ಮ ಮುಂದೆ ಇಡಬೇಕೆಂದು ನಮ್ಮ ಆಸೆ.

ನಮ್ಮ ನಾಡಿನ ಒಂದು ಐತಿಹ್ಯದಿಂದಲೇ ಆರಂಭಿಸೋಣ. ಬೇಲೂರಿನ ಕಪ್ಪೆ ಚೆನ್ನಿಗರಾಯನನ್ನು ತಾವು ಬಲ್ಲಿರಿ. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆಯೆಂದು ಒಬ್ಬ ತರುಣ ಶಿಲ್ಪಿ ಹೇಳಿದನಂತೆ. ದೋಷವಿದ್ದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣಾಚಾರಿ ಪಂತ ಹೂಡಿದನಂತೆ. ಮೂರ್ತಿಗೆ ಮೈಯೆಲ್ಲ ಗಂಧವನ್ನು ಲೇಪಿಸಿದರು. ಎಲ್ಲ ಕಡೆಯೂ ಗಂಧ ಒಣಗಿತು, ನಾಭಿಯ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟು ಬಡಿದರೆ ಒಳಗಿನಿಂದ ನೀರೂ ಮರಳೂ ಅದರೊಡನೆ ಒಂದು ಕಪ್ಪೆಯೂ ಹೊರಬಂದವು. ಆ ತರುಣ ಜಕಣಾಚಾರಿಯ ಮಗ ಡಂಕಣನೇ ಆಗಿದ್ದನೆಂದು ಕಥೆ ಮುಗಿಯುತ್ತದೆ.

ಇದು ಚರಿತ್ರೆಯಲ್ಲ, ಐತಿಹ್ಯ. ಆದರೂ ನಮ್ಮಂಥವರಿಗೆ ಈ ಕಥೆಯಲ್ಲಿ ಪ್ರಯೋಗಶಾಲೆಯ ಪಾಠ ಪೂರ್ತಿಯಾಗಿ ಇದೆ. ಕಾಣದಿರುವುದನ್ನು ಕಾಣಿಸಲು ಒಂದು ಲೇಪ ಬೇಕು. ಒದ್ದೆಯ ಗುರುತನ್ನು ಓದುವ ಕಣ್ಣು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಕೈಕೆಲಸವನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಬೇಕು.

ಲೋಕದಲ್ಲಿ ಇಷ್ಟೊಂದು ಪ್ರಾಣಿಗಳಿರುವಾಗ ಕಪ್ಪೆಯೇ ಏಕೆ ಎಂದು ಕೇಳಬಹುದು. ಕಪ್ಪೆಯ ಚರ್ಮ ನಮ್ಮ ಚರ್ಮದಂತೆ ಗೋಡೆಯಲ್ಲ, ಜಾಲರಿ. ಅದು ಚರ್ಮದ ಮೂಲಕವೂ ಉಸಿರಾಡುತ್ತದೆ. ನೀರನ್ನು ಬಾಯಿಂದ ಕುಡಿಯದೆ ಹೊಟ್ಟೆಯಡಿಯ ಚರ್ಮದಿಂದಲೇ ಹೀರಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ್ದುದು ಅದರೊಡನೆ ಒಳಗೆ ಹೋಗುತ್ತದೆ. ಗೊದಮೊಟ್ಟೆಯಾಗಿದ್ದಾಗ ಕೆರೆಯ ಪಾಚಿಯನ್ನು ಮೇಯುತ್ತದೆ, ದೊಡ್ಡದಾದ ಮೇಲೆ ದಡದ ಹುಳಹುಪ್ಪಟೆಗಳನ್ನು ತಿನ್ನುತ್ತದೆ. ಹೀಗೆ ನೀರಿನ ಲೆಕ್ಕವೂ ನೆಲದ ಲೆಕ್ಕವೂ ಒಂದೇ ಮೈಯಲ್ಲಿ ಬರೆಯಲ್ಪಡುತ್ತವೆ. ತನ್ನ ಬಾವಿಯನ್ನು ಬಿಟ್ಟು ಬೇರೆ ಲೋಕವನ್ನು ಅರಿಯದವನನ್ನು ಕೂಪಮಂಡೂಕ ಎಂದು ಹಳಿಯುತ್ತೇವಲ್ಲವೆ? ನಮ್ಮ ಕೆಲಸಕ್ಕೆ ಅದೇ ಅದರ ಗುಣ. ದೂರ ಹೋಗದ ಕಪ್ಪೆ ತನ್ನ ಬಾವಿಯ ಸ್ಥಿತಿಗೆ ನಂಬಿಕಸ್ತ ಸಾಕ್ಷಿ.

ಈಗ ಅಳತೆಯ ಮಾತು. ಇಲ್ಲಿ ನಾವು ಬಳಸುವ ಮಾನ ಕಿಲೋಗ್ರಾಮಿಗೆ ಇಷ್ಟು ಮೈಕ್ರೋಗ್ರಾಂ ಎಂಬುದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮನೆಯ ಮಾತಿನಲ್ಲಿ ಹೇಳುವುದಾದರೆ, ನೂರು ಕಿಲೋ ತೂಗುವ ಹತ್ತು ಸಾವಿರ ಮೂಟೆ ಅಕ್ಕಿಯಲ್ಲಿ ಒಂದೇ ಒಂದು ಗ್ರಾಂ ಉಪ್ಪನ್ನು ಬೆರೆಸಿ, ಅದರಲ್ಲಿ ಒಂದು ಹಿಡಿಯನ್ನು ಕೈಗೆ ಕೊಟ್ಟು, ಉಪ್ಪೆಷ್ಟಿದೆ ಹೇಳಿರಿ ಎಂದಂತೆ. ಕಪ್ಪೆಯಾದರೋ ಸಣ್ಣ ಜೀವಿ. ಮೂರು ಗ್ರಾಂ ತೂಗುವ ಮರಗಪ್ಪೆಯಲ್ಲಿ ಕಿಲೋಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ ವಿಷವಿದ್ದರೆ, ಇಡೀ ಮೈಯಲ್ಲಿ ಇರುವುದು 30 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಮೂವತ್ತು ಪಾಲು.

ಇಷ್ಟು ಅಲ್ಪವಾದುದನ್ನು ಹುಡುಕುವಾಗ ಮೊದಲ ಶತ್ರು ಹೊರಗಿನ ಕೊಳೆ. ನಮ್ಮ ಅಜ್ಜಿಯರ ಮಡಿಯನ್ನು ನೋಡಿ ನಕ್ಕವರು ಪ್ರಯೋಗಶಾಲೆಗೆ ಬಂದು ಅದಕ್ಕಿಂತ ಕಟ್ಟುನಿಟ್ಟಿನ ಮಡಿಯನ್ನು ಕಲಿಯಬೇಕಾಗುತ್ತದೆ. ಕೀಟನಾಶಕವನ್ನು ಹುಡುಕುವವರು ಕಪ್ಪೆಯನ್ನು ಪ್ಲಾಸ್ಟಿಕ್ಕಿಗೆ ಮುಟ್ಟಿಸಬಾರದು. ದ್ರಾವಕದಲ್ಲಿ ತೊಳೆದ ಗಾಜಿನ ಸೀಸೆಯಲ್ಲಿಟ್ಟು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಾಡಬೇಕು. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹುಡುಕುವವರ ಮಡಿಯೇ ಬೇರೆ: ಅವರಿಗೆ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಒಳ್ಳೆಯದು, ಲೋಹದ ಕತ್ತರಿ ಚಿಮ್ಮಟಗಳೇ ಮೈಲಿಗೆ. ಯಾವುದನ್ನು ಹುಡುಕಬೇಕೆಂಬುದನ್ನು ಕೆರೆಗೆ ಇಳಿಯುವ ಮೊದಲೇ ನಿರ್ಧರಿಸಬೇಕು.

ಇನ್ನೊಂದು ಮಾತು. ಈ ಕೆಲಸಕ್ಕೆ ಜೀವ ಬಲಿಯಾಗುತ್ತದೆ. ಸರಕಾರದ ಅನುಮತಿ ಬೇಕು, ನೋವಾಗದಂತೆ ಅರಿವಳಿಕೆ ಕೊಡಬೇಕು, ಲೆಕ್ಕಕ್ಕೆ ಬೇಕಾದುದಕ್ಕಿಂತ ಒಂದನ್ನೂ ಹೆಚ್ಚಾಗಿ ಹಿಡಿಯಬಾರದು. ಒಂದು ಕಾಲಕ್ಕೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಹಡಗಿನಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದವು. 1987ರಲ್ಲಿ ಆ ರಫ್ತನ್ನು ನಿಷೇಧಿಸಲಾಯಿತು. ವಿಜ್ಞಾನದ ಹೆಸರಿನಲ್ಲಿಯೂ ಜೀವವನ್ನು ಪೋಲು ಮಾಡುವ ಹಕ್ಕು ಯಾರಿಗೂ ಇಲ್ಲ. ಜೀವವನ್ನು ತೆಗೆದುಕೊಂಡ ಮೇಲೆ ಅದರಿಂದ ತಪ್ಪು ಅಂಕಿ ಬರೆದರೆ ಅದಕ್ಕಿಂತ ಹೀನವಾದುದು ಇನ್ನೇನಿದೆ?

ಪ್ರಯೋಗಶಾಲೆಯೊಳಗಿನ ಕೆಲಸ ಬಹಳಮಟ್ಟಿಗೆ ಅಡಿಗೆಮನೆಯ ಕೆಲಸವೇ. ಮೊದಲು ಅರೆಯುವುದು. ಅಂಗಾಂಶವನ್ನು ನಿರ್ಜಲ ಸೋಡಿಯಂ ಸಲ್ಫೇಟ್ ಎಂಬ ಲವಣದೊಡನೆ ಗಾಜಿನ ಕಲ್ವದಲ್ಲಿ ಅರೆದರೆ ಲವಣ ನೀರನ್ನೆಲ್ಲ ಕುಡಿದು, ಒದ್ದೆಯಾದ ಮುದ್ದೆ ಒಣ ಪುಡಿಯಾಗುತ್ತದೆ. ಎರಡನೆಯದು ಕಷಾಯ ಇಳಿಸುವುದು. ಜರ್ಮನಿಯ ಸಾಕ್ಸ್‌ಲೆಟ್ ಎಂಬಾತ 1879ರಲ್ಲಿ ಹಾಲಿನ ಕೊಬ್ಬನ್ನು ಅಳೆಯಲು ಮಾಡಿದ ಗಾಜಿನ ಯಂತ್ರ ಇಂದಿಗೂ ಅವನ ಹೆಸರಿನಲ್ಲಿಯೇ ನಡೆಯುತ್ತಿದೆ. ನಮ್ಮ ಕಾಫಿ ಫಿಲ್ಟರಿನ ದಾಯಾದಿಯೆನ್ನಬಹುದು. ಕೆಳಗೆ ಕುದಿಯುವ ದ್ರಾವಕ ಆವಿಯಾಗಿ ಮೇಲೇರಿ, ತಣಿದು, ಪುಡಿಯ ಮೇಲೆ ತೊಟ್ಟಿಕ್ಕಿ, ಅದರ ಸಾರವನ್ನು ಹೊತ್ತುಕೊಂಡು ಮತ್ತೆ ಕೆಳಗಿಳಿಯುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಒಮ್ಮೆ ಇಳಿದರೆ ಮುಗಿಯಿತು. ಇಲ್ಲಿ ಹಗಲಿರುಳೂ ಇಳಿಯುತ್ತಲೇ ಇರುತ್ತದೆ. ಅವಸರದ ಕಾಲ ಬಂದ ಮೇಲೆ ಪ್ರೆಷರ್ ಕುಕ್ಕರಿನ ನ್ಯಾಯವೂ ಬಂದಿದೆ. ಬಿಸಿ ದ್ರಾವಕವನ್ನು ಒತ್ತಡದಲ್ಲಿ ಹಾಯಿಸಿ ಕೆಲವೇ ನಿಮಿಷಗಳಲ್ಲಿ ಸಾರ ತೆಗೆಯುತ್ತಾರೆ.

ಆದರೆ ಸಾರದೊಡನೆ ಕಪ್ಪೆಯ ಕೊಬ್ಬೂ ಬರುತ್ತದೆ. ವಿಷ ಕಣದಷ್ಟಾದರೆ ಕೊಬ್ಬು ರಾಶಿ. ಅದನ್ನು ಬೇರ್ಪಡಿಸುವ ಉಪಾಯ ಸೊಗಸಾಗಿದೆ. ಜಾತ್ರೆಗೆ ಹೋದ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ದೊಡ್ಡವರು ನೇರವಾಗಿ ರಥಬೀದಿಯಲ್ಲಿ ನಡೆದು ಬೇಗ ಆಚೆಗೆ ಬರುತ್ತಾರೆ. ಮಕ್ಕಳು ಪ್ರತಿಯೊಂದು ಸಂದಿಗೊಂದಿಗೂ ನುಗ್ಗಿ ತಡವಾಗಿ ಬರುತ್ತಾರೆ. ಸಣ್ಣ ಸಣ್ಣ ರಂಧ್ರಗಳುಳ್ಳ ಜೆಲ್ಲಿನ ಮಣಿಗಳನ್ನು ಕೊಳವೆಯಲ್ಲಿ ತುಂಬಿ ಸಾರವನ್ನು ಹರಿಯಬಿಟ್ಟರೆ, ದೊಡ್ಡ ದೇಹದ ಕೊಬ್ಬಿನ ಅಣುಗಳು ಮೊದಲು ಹೊರಬೀಳುತ್ತವೆ, ಸಣ್ಣ ಕೀಟನಾಶಕದ ಅಣುಗಳು ರಂಧ್ರಗಳನ್ನು ಸುತ್ತಿ ಹಿಂದಿನಿಂದ ಬರುತ್ತವೆ. ಮೊದಲ ಗುಂಪನ್ನು ಚೆಲ್ಲಿ ಎರಡನೆಯದನ್ನು ಹಿಡಿದಿಟ್ಟುಕೊಳ್ಳುತ್ತೇವೆ. ಗಂಧಕಾಮ್ಲ ಸುರಿದು ಕೊಬ್ಬನ್ನು ಸುಡುವ ಒರಟು ಮಾರ್ಗವೂ ಉಂಟು. ಡಿಡಿಟಿ ಅದನ್ನು ತಾಳಿಕೊಳ್ಳುತ್ತದೆ, ಡೈಎಲ್ಡ್ರಿನ್ ತಾಳದೆ ನಾಶವಾಗುತ್ತದೆ. ಆ ಮಾರ್ಗ ಹಿಡಿದವನು ಆಮೇಲೆ "ಡೈಎಲ್ಡ್ರಿನ್ ಇಲ್ಲ" ಎಂದರೆ ಅದು ಕಪ್ಪೆಯ ಸಾಕ್ಷಿಯಲ್ಲ, ಆಮ್ಲದ ಸಾಕ್ಷಿ!

ಮೂರನೆಯ ಘಟ್ಟ ಗುರುತು ಹಿಡಿಯುವುದು. ಸಾರದ ಒಂದು ಹನಿಯನ್ನು ಆವಿ ಮಾಡಿ, ಕೂದಲಿನಂತೆ ಸಪುರವಾದ, ಹತ್ತಾರು ಮೀಟರು ಉದ್ದದ ನಾಳದಲ್ಲಿ ಅನಿಲದೊಡನೆ ಓಡಿಸುತ್ತಾರೆ. ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಗುರಿ ಮುಟ್ಟುತ್ತದೆ. ಇದೇ ಗ್ಯಾಸ್ ಕ್ರೊಮಟೋಗ್ರಫಿ, 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ತೋರಿಸಿಕೊಟ್ಟ ವಿದ್ಯೆ. ಗುರಿಯಲ್ಲಿ ಕಾವಲು ಕುಳಿತು ಬಂದವರನ್ನು ಎಣಿಸಲು ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ 1957ರಲ್ಲಿ ಇಲೆಕ್ಟ್ರಾನ್ ಹಿಡಿಯುವ ಒಂದು ಪುಟ್ಟ ಸಾಧನವನ್ನು ರಚಿಸಿದರು. ಕ್ಲೋರಿನ್ ಇರುವ ವಸ್ತುವಿನ ಕಿಂಚಿತ್ತು ಸುಳಿದರೂ ಅದು ಕೂಗಿಕೊಳ್ಳುತ್ತಿತ್ತು. ಆದರೆ ಕಳ್ಳ ಬಂದನೆಂದು ಬೊಗಳುವ ನಾಯಿ ಕಳ್ಳನ ಹೆಸರು ಹೇಳಲಾರದಷ್ಟೆ. ಹೆಸರು ಹೇಳಲು ದ್ರವ್ಯರಾಶಿಮಾಪಕ ಬೇಕಾಯಿತು. ಅದು ಅಣುವನ್ನು ಒಡೆದು ಚೂರುಗಳ ತೂಕವನ್ನು ಹೇಳುತ್ತದೆ. ಡಿಡಿಟಿ ಜೀವಿಯ ಮೈಯಲ್ಲಿ ಮಾರ್ಪಟ್ಟು ಆಗುವ ಡಿಡಿಇ ಎಂಬ ವಸ್ತು 318, 246 ಎಂಬ ತೂಕದ ಗುರುತುಗಳನ್ನು ತಕ್ಕ ಪ್ರಮಾಣದಲ್ಲಿ ಬಿಟ್ಟುಹೋಗುತ್ತದೆ, ಬೆರಳಚ್ಚಿನಂತೆ.

ಲೋಹಗಳ ದಾರಿ ಬೇರೆ. ಅದನ್ನು ಬೇಗನೆ ದಾಟೋಣ. ಅಂಗಾಂಶವನ್ನು ನೈಟ್ರಿಕ್ ಆಮ್ಲದಲ್ಲಿ ಪೂರ್ಣವಾಗಿ ಕರಗಿಸಿ, ಲೋಹದ ಪರಮಾಣುಗಳು ಬೆಳಕನ್ನು ಎಷ್ಟು ಹೀರುತ್ತವೆಂಬುದನ್ನು ನೋಡುವರು. ಆಸ್ಟ್ರೇಲಿಯಾದಲ್ಲಿ ಅಲನ್ ವಾಲ್ಶ್ 1955ರಲ್ಲಿ ಪ್ರಕಟಿಸಿದ ವಿಧಾನವಿದು. ಪಾದರಸಕ್ಕೆ ಜ್ವಾಲೆಯೂ ಬೇಡ. ಅದರ ತಣ್ಣನೆಯ ಆವಿಯೇ 253.7 ನ್ಯಾನೋಮೀಟರಿನ ಬೆಳಕನ್ನು ನುಂಗಿ ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತದೆ.

ಇಷ್ಟು ಹೇಳಿದರೆ ಯಂತ್ರಗಳೇ ಎಲ್ಲವನ್ನೂ ಮಾಡುತ್ತವೆಂದು ತಾವು ತಿಳಿಯಬಹುದು. ಯಂತ್ರ ಅಂಕಿಯನ್ನು ಕೊಡುತ್ತದೆ, ಸತ್ಯವನ್ನಲ್ಲ. ಇದನ್ನು ನಾವು ನಾಚಿಕೆಪಟ್ಟು ಕಲಿತೆವು. ಒಮ್ಮೆ ಗದ್ದೆಯಂಚಿನ ಕಪ್ಪೆಗಳ ಸಾರದಲ್ಲಿ ನಮಗೆ ಒಂದು ದೊಡ್ಡ ಶಿಖರ ಕಂಡಿತು. ಹೊತ್ತು ಸರಿಯಾಗಿತ್ತು, ಎತ್ತರ ಭರ್ಜರಿಯಾಗಿತ್ತು. ಹಿಗ್ಗಿ ವರದಿಯನ್ನೂ ಬರೆದೆವು. ಕಾಲೇಜು ಮುಗಿಸಿ ಆಗಷ್ಟೇ ಬಂದಿದ್ದ ಒಬ್ಬ ಹುಡುಗಿ ಮೆಲ್ಲಗೆ, "ಸಾರ್, ಖಾಲಿ ಪಾತ್ರೆಯನ್ನು ಓಡಿಸಿ ನೋಡಿದಿರಾ?" ಎಂದಳು. ಕಪ್ಪೆಯಿಲ್ಲದೆ, ಉಳಿದ ಕ್ರಮಗಳನ್ನೆಲ್ಲ ಹಾಗೆಯೇ ಮಾಡಿ ನೋಡುವುದಕ್ಕೆ ಖಾಲಿ ಪರೀಕ್ಷೆಯೆಂದು ಹೆಸರು. ಆ ಸಲ ಅವಸರದಲ್ಲಿ ಬಿಟ್ಟಿದ್ದೆವು. ಮಾಡಿದೆವು. ಅದೇ ಶಿಖರ, ಅದೇ ಎತ್ತರ! ದ್ರಾವಕದ ಸೀಸೆಯ ಮುಚ್ಚಳದೊಳಗಿನ ಪ್ಲಾಸ್ಟಿಕ್ ಬಿಲ್ಲೆಯಿಂದ ಇಳಿದ ವಸ್ತು ಅದು. ವರದಿಯನ್ನು ಹರಿದುಹಾಕಿದೆವು. ಕಪ್ಪೆಗಳು ಸತ್ತದ್ದು ವ್ಯರ್ಥವಾಯಿತು. ಆ ಹುಡುಗಿಯ ಪ್ರಶ್ನೆಯನ್ನು ನಾವು ಇಂದಿಗೂ ಮರೆತಿಲ್ಲ. ಮಗ ತಂದೆಯ ತಪ್ಪನ್ನು ತೋರಿದ ಬೇಲೂರಿನ ಕಥೆ ನೆನಪಾಗುವುದು ಆಗಲೇ.

ನಾವೊಬ್ಬರೇ ಅಲ್ಲ, ಲೋಕದಲ್ಲಿ ಎಡವಿದವರು ಬಹಳ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ 1910ರ ಸುಮಾರಿಗೆ ಸಂಗ್ರಹಿಸಿ ಮೊಹರು ಮಾಡಿಟ್ಟಿದ್ದ ಮಣ್ಣನ್ನು ಬಹುಕಾಲದ ಮೇಲೆ ಗ್ಯಾಸ್ ಕ್ರೊಮಟೋಗ್ರಫಿಯಿಂದ ಪರೀಕ್ಷಿಸಿದರು. ಅದರಲ್ಲಿ ಕ್ಲೋರಿನ್ ಕೀಟನಾಶಕಗಳು ಇರುವಂತೆ ಕಂಡಿತು! ಆ ಮಣ್ಣನ್ನು ಅಗೆದ ಕಾಲಕ್ಕೆ ಅಂಥ ಕೀಟನಾಶಕಗಳು ಲೋಕದ ಬಳಕೆಗೇ ಬಂದಿರಲಿಲ್ಲ. ಮಣ್ಣಿನ ಸಹಜ ವಸ್ತುಗಳೇ ವೇಷ ಹಾಕಿ ಬಂದಿದ್ದವು. 1970ರಲ್ಲಿ ಅದನ್ನು ಬಚ್ಚಿಡದೆ ಪ್ರಕಟಿಸಿದರು. ಇದಕ್ಕೆ ಪ್ರತಿಯಾಗಿ, ಬೇಡವೆಂದು ಬಿಟ್ಟ ಶಿಖರವೇ ನಿಧಿಯಾದದ್ದೂ ಉಂಟು. ಸ್ವೀಡನ್ನಿನ ಸೋರೆನ್ ಯೆನ್ಸನ್ ಡಿಡಿಟಿಯನ್ನು ಅಳೆಯುತ್ತಿದ್ದಾಗ ಹೆಸರಿಲ್ಲದ ಶಿಖರಗಳು ಅಡ್ಡ ಬರುತ್ತಿದ್ದವು. ಅವರು ಅವುಗಳನ್ನು ಕಸವೆಂದು ತಳ್ಳದೆ ಬೆನ್ನು ಹತ್ತಿದರು. ಪಿಸಿಬಿ ಎಂಬ ಕೈಗಾರಿಕಾ ವಸ್ತುಗಳು ಮೀನು ಹದ್ದುಗಳ ಮೈಯಲ್ಲಿಯೂ ತಮ್ಮ ಹಸುಗೂಸು ಮಗಳ ಕೂದಲಿನಲ್ಲಿಯೂ ಇವೆಯೆಂಬುದನ್ನು 1966ರಲ್ಲಿ ಲೋಕಕ್ಕೆ ತಿಳಿಸಿದರು.

ಆದುದರಿಂದ ಬಲ್ಲವರು ತಮ್ಮ ಕೈಗೆ ತಾವೇ ಪರೀಕ್ಷೆಗಳನ್ನು ಒಡ್ಡಿಕೊಳ್ಳುತ್ತಾರೆ. ಖಾಲಿ ಪರೀಕ್ಷೆಯ ವಿಚಾರ ಹೇಳಿದೆವು. ಎರಡನೆಯದು, ತಿಳಿದಷ್ಟು ವಿಷವನ್ನು ತಾವಾಗಿ ಬೆರೆಸಿ ಎಷ್ಟು ಮರಳಿ ಸಿಕ್ಕುವುದೆಂದು ನೋಡುವುದು. ನೂರಕ್ಕೆ 70ರಿಂದ 120ರೊಳಗೆ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮೂರನೆಯದು, ಒಂದೇ ಮಾದರಿಯನ್ನು ಎರಡು ಬಾರಿ ಅಳೆಯುವುದು. ನಾಲ್ಕನೆಯದು, ಅಂಕಿಯೊಡನೆ ಅದರ ಜಾತಕವನ್ನೂ ಕೊಡುವುದು. ಹಸಿ ತೂಕಕ್ಕೋ, ಒಣ ತೂಕಕ್ಕೋ, ಕೊಬ್ಬಿನ ತೂಕಕ್ಕೋ ಎಂಬುದನ್ನು ಹೇಳದ ಅಂಕಿಗೆ ಬೆಲೆಯಿಲ್ಲ. ಕಪ್ಪೆಯ ಕೊಬ್ಬು ಋತುವಿನೊಡನೆ ಏರಿಳಿಯುವುದರಿಂದ ಹಿಡಿದ ತಿಂಗಳನ್ನೂ ಹೇಳಬೇಕು. ಕಡೆಯದಾಗಿ, "ಪತ್ತೆಯಾಗಲಿಲ್ಲ" ಎಂದರೆ "ಇಲ್ಲ" ಎಂದು ಅರ್ಥವಲ್ಲ. ನಮ್ಮ ಯಂತ್ರಕ್ಕೆ ಇಷ್ಟಕ್ಕಿಂತ ಕಡಿಮೆಯಾದುದು ಕಾಣದು ಎಂದಷ್ಟೇ ಅರ್ಥ. ಆ ಮಿತಿಯನ್ನು ಬರೆಯದೆ "ಇಲ್ಲ" ಎನ್ನುವವನು ಕತ್ತಲೆಯಲ್ಲಿ ಕಣ್ಣುಮುಚ್ಚಿ ಮನೆ ಖಾಲಿ ಎಂದವನಂತೆ.

ಇಷ್ಟೆಲ್ಲ ಪಾಡುಪಟ್ಟು ತಿಳಿದುದೇನು? ಕ್ಯಾಲಿಫೋರ್ನಿಯದ ಸಿಯೆರ್ರಾ ನೆವಾಡ ಪರ್ವತಗಳ ಉದಾಹರಣೆಯೊಂದನ್ನು ನೋಡೋಣ. ಅಲ್ಲಿ ಎತ್ತರದಲ್ಲಿ ರಾಷ್ಟ್ರೀಯ ಉದ್ಯಾನಗಳು. ಹೊಲವಿಲ್ಲ, ಔಷಧಿ ಸಿಂಪಡಿಸುವವರಿಲ್ಲ. ಪಶ್ಚಿಮಕ್ಕೆ ಕೆಳಗಿರುವ ಮಧ್ಯ ಕಣಿವೆ ಮಾತ್ರ ಆ ದೇಶದ ದೊಡ್ಡ ಹಣ್ಣುತರಕಾರಿಯ ಕಣಜ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯವರು 2009 ಮತ್ತು 2010ರಲ್ಲಿ ಬೆಟ್ಟದ ಏಳು ತಾಣಗಳಿಂದ ಒಂದು ಜಾತಿಯ ಪುಟ್ಟ ಕಪ್ಪೆಗಳನ್ನು ತಂದು, ನಾವು ಮೇಲೆ ಹೇಳಿದಂಥ ಕ್ರಮದಿಂದಲೇ ಪರೀಕ್ಷಿಸಿ, ಫಲವನ್ನು 2013ರಲ್ಲಿ ಪ್ರಕಟಿಸಿದರು. ಕಪ್ಪೆಗಳ ಮೈಯಲ್ಲಿ ಪೈರಾಕ್ಲೊಸ್ಟ್ರೋಬಿನ್, ಟೆಬುಕೊನಜೋಲ್ ಎಂಬ ಬೂಷ್ಟುನಾಶಕಗಳೂ ಸಿಮಜೀನ್ ಎಂಬ ಕಳೆನಾಶಕವೂ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕವು. 1972ರಲ್ಲಿಯೇ ಆ ದೇಶದಲ್ಲಿ ನಿಷೇಧಗೊಂಡ ಡಿಡಿಟಿಯ ಸಂತಾನವಾದ ಡಿಡಿಇ ಕೂಡ ಇನ್ನೂ ಇತ್ತು. ಕಣಿವೆಯ ವಿಷ ಗಾಳಿ ಮಳೆಗಳನ್ನೇರಿ ಬೆಟ್ಟಕ್ಕೆ ಬಂದಿತ್ತು. ಊರಿನಿಂದ ದೂರವಿರುವುದೇ ಕ್ಷೇಮವೆಂಬ ನಂಬಿಕೆಯನ್ನು ಒಂದು ಹಿಡಿ ಕಪ್ಪೆಗಳು ಮುರಿದವು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಕಾಸರಗೋಡು ಸೀಮೆಯ ಗೇರುತೋಟಗಳ ಮೇಲೆ 2000ದ ವರೆಗೆ ಸುಮಾರು ಎರಡು ದಶಕಗಳ ಕಾಲ ಎಂಡೋಸಲ್ಫಾನನ್ನು ಆಕಾಶದಿಂದ ಸುರಿದರು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯೂ ಅದೇ ಗೋಳು. ಈ ಸಭೆಯಲ್ಲಿ ಆ ಕಡೆಯ ಮನೆತನದವರು ಎಷ್ಟೋ ಮಂದಿ ಇದ್ದೀರಿ. ಹುಟ್ಟಿನಿಂದಲೇ ಏಳಲಾರದ ಮಕ್ಕಳನ್ನು ಊರಿಗೆ ಹೋದಾಗ ನೋಡಿದವರೂ ಇದ್ದೀರಿ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆ ಗ್ರಾಮದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆಯೆಂದರು. ಮತ್ತೊಂದು ಕಡೆಯ ಅಳತೆ ಹಾಗೆ ಹೇಳಲಿಲ್ಲ. ಜನರ ನೋವನ್ನು ಬಿಟ್ಟು ಅಂಕಿಗಳ ಮೇಲೆಯೇ ವ್ಯಾಜ್ಯ ನಡೆಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ ಶಾಲಾಬಾಲಕರ ರಕ್ತದಲ್ಲಿ ಬೇರೆ ಕಡೆಯವರಿಗಿಂತ ಹೆಚ್ಚಾಗಿ ಅದು ಇದೆಯೆಂದು 2003ರಲ್ಲಿ ಪ್ರಕಟಿಸಿದರು. ಸರ್ವೋಚ್ಚ ನ್ಯಾಯಾಲಯದ ತಡೆ ಬಂದುದು 2011ರ ಮೇ ತಿಂಗಳಿನಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಿಂಪಡಿಸಿದ ಎಂಡೋಸಲ್ಫಾನಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳಿವೆ. ಕಾಲ ಕಳೆದಂತೆ ಅವು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಮೂರನೆಯ ರೂಪಕ್ಕೆ ತಿರುಗುತ್ತವೆ. ಅದು ಹೆಚ್ಚು ಕಾಲ ಉಳಿಯುತ್ತದೆ, ವಿಷವೂ ಹೌದು. ಸಿಂಪಡಿಸಿ ತಿಂಗಳುಗಳಾದ ಮೇಲೆ ಬಂದು, ಮೊದಲೆರಡನ್ನು ಮಾತ್ರ ಹುಡುಕುವವನಿಗೆ ಕೆರೆ ಚೊಕ್ಕಟವಾಗಿ ಕಾಣುತ್ತದೆ, ಕಪ್ಪೆಯೂ ಚೊಕ್ಕಟವಾಗಿ ಕಾಣುತ್ತದೆ. ಅವನು ಸುಳ್ಳು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಿಲ್ಲ, ಅಷ್ಟೆ. ಫಲ ಮಾತ್ರ ಸುಳ್ಳಿನದೇ.

ಮಹನೀಯರೇ, ಪರವೂರಿನಲ್ಲಿ ಬಾಳುವ ನಮಗೆ ತೌರಿನ ಸುದ್ದಿ ಪತ್ರಿಕೆಗಳ ಮೂಲಕ, ಫೋನಿನ ಮೂಲಕ ಬರುತ್ತದೆ. "ನೀರು ಪರೀಕ್ಷೆಯಾಯಿತು, ಏನೂ ಇಲ್ಲವಂತೆ" ಎಂದೂ ಬರುತ್ತದೆ, "ಎಲ್ಲ ಕಡೆಯೂ ವಿಷವಂತೆ" ಎಂದೂ ಬರುತ್ತದೆ. ಎರಡಕ್ಕೂ ಕೂಡಲೇ ತಲೆದೂಗಬೇಡಿ ಎಂಬುದೇ ನಮ್ಮ ಅರಿಕೆ. ಯಾವುದನ್ನು ಹುಡುಕಿದರು? ಎಷ್ಟರವರೆಗೆ ಕಾಣಬಲ್ಲರು? ಖಾಲಿ ಪಾತ್ರೆಯನ್ನು ನೋಡಿದರೋ? ಈ ಮೂರು ಪ್ರಶ್ನೆಗಳನ್ನು ಕೇಳಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ. ಬೆರಗು ಹುಟ್ಟಿಸುವ ಯಂತ್ರದ ಮುಂದೆ ಬಾಯಿ ಕಟ್ಟದಿದ್ದರೆ ಸಾಕು. ಆ ಹುಡುಗಿ ನಮ್ಮನ್ನು ಕೇಳಿದಂತೆ, ನಿಮ್ಮ ಮಕ್ಕಳು ನಾಳೆ ಯಾವುದೋ ಪ್ರಯೋಗಶಾಲೆಯಲ್ಲಿ, ಯಾವುದೋ ಕಚೇರಿಯಲ್ಲಿ ದೊಡ್ಡವರನ್ನು ಹಾಗೆ ಕೇಳುವಂತಾಗಲಿ. ದೊಡ್ಡವರು ಮುನಿಯದೆ ಎದ್ದುಹೋಗಿ ಖಾಲಿ ಪಾತ್ರೆಯನ್ನು ನೋಡಿ ಬರುವಂತಾಗಲಿ.

ಮುಂಗಾರಿನಲ್ಲಿ ಊರಿಗೆ ಹೋದಾಗ ರಾತ್ರಿ ಗದ್ದೆಯ ಕಡೆಯಿಂದ ವಟಗುಟ್ಟುವ ಸದ್ದು ಬರುತ್ತದೆಯೆ ಎಂದು ಒಮ್ಮೆ ಕಿವಿಗೊಡಿ. ಮಕ್ಕಳಿಗೂ ಕೇಳಿಸಿ. ಅದಿರುವವರೆಗೆ ನಮ್ಮ ಸಾಕ್ಷಿ ಬದುಕಿದೆಯೆಂದು ತಿಳಿಯೋಣ.